ಪದಚರ್ಚೆ: ‘ನಟ್ ಗ್ರಾಫ್’ಗೆ ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ನುಡಿಚಿತ್ರ ಬರೆಯುವುದನ್ನು ಕಲಿಸುವಾಗ ಒಂದು ಪದದ ಕೊರತೆ ನನ್ನನ್ನು ಬಹಳ ಕಾಡುತ್ತಿದೆ. ಬರಹದ ಮುಖ್ಯ ವಿಷಯವನ್ನು ನೇರವಾಗಿ ಹೇಳುವ ಪ್ಯಾರಾದ ಹೆಸರು ಅದು; ಇಂಗ್ಲಿಷ್ ಸುದ್ದಿಮನೆಗಳಲ್ಲಿ ‘ನಟ್ ಗ್ರಾಫ್’. ಇಲ್ಲಿ ಗ್ರಾಫ್ ಎಂದರೆ ಪ್ಯಾರಾಗ್ರಾಫಿನ ಮೊಟಕು ರೂಪ. ಬಾರ್ನಿ ಕಿಲ್ಗೋರ್ 1941ರಲ್ಲಿ ಸಂಪಾದಕೀಯ ವಿಭಾಗದ ಹೊಣೆ ಹೊತ್ತ ಮೇಲೆ ಅಮೆರಿಕದ ಪತ್ರಿಕೆ ವಾಲ್ ಸ್ಟ್ರೀಟ್ ಜರ್ನಲ್‌ನ ಮುಖಪುಟದ ದೀರ್ಘ ವರದಿಗಳು ಈ ಕಟ್ಟಿಗೆ ಹೆಸರಾದವು. ಮೊದಲು ಒಬ್ಬ ವ್ಯಕ್ತಿಯ ಚಿತ್ರ. ಮೂರನೆಯದೋ ನಾಲ್ಕನೆಯದೋ ಪ್ಯಾರಾದಲ್ಲಿ, ಈ ವರದಿ ಯಾವುದರ ಬಗ್ಗೆ, ಈಗೇಕೆ ಎಂಬುದಕ್ಕೆ ನೇರ ಉತ್ತರ.

ಕೋಲಾರದ ಟೊಮೆಟೊ ಬೆಳೆಗಾರರೊಬ್ಬರ ಕೊಳವೆಬಾವಿಯಿಂದ ನುಡಿಚಿತ್ರ ಶುರುವಾಯಿತು ಎನ್ನೋಣ. ಆಮೇಲೆ ಬರಬೇಕಾದ ಪ್ಯಾರಾ ಇಂಥದ್ದು: ‘ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತಗಳಲ್ಲಿ ಶುದ್ಧಗೊಂಡು 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಮೂರನೇ ಹಂತದ ಶುದ್ಧೀಕರಣವೂ ಬೇಕೆಂಬ ಕೂಗು ನಿಂತಿಲ್ಲ.’

ಈ ಎರಡು ವಾಕ್ಯಗಳು ಬರೆಯಲು ಕೂರುವ ಮೊದಲೇ ವರದಿಗಾರರ ಕೈಗೆ ಸಿಗಬೇಕು. ಸಿಕ್ಕರೆ ಮಾರುಕಟ್ಟೆಯ ಟೊಮೆಟೊ ದರ ಟಿಪ್ಪಣಿ ಪುಸ್ತಕದಲ್ಲೇ ಉಳಿಯುತ್ತದೆ. ಕೆರೆ ನೀರಿನ ಪರೀಕ್ಷಾ ವರದಿ, ಅಂತರ್ಜಲ ಮಟ್ಟದ ಅಂಕಿಅಂಶ ತರಲೇಬೇಕೆಂದು ತಿಳಿಯುತ್ತದೆ. ಯಾರನ್ನು ಮಾತನಾಡಿಸಲಿಲ್ಲ ಎಂಬುದೂ ಆಗಲೇ ಹೊಳೆಯುತ್ತದೆ. ಸಿಗದಿದ್ದರೆ ಹತ್ತು ಜನರ ಹೇಳಿಕೆಗಳನ್ನು ಪೋಣಿಸಿ ವರದಿ ಮುಗಿಸುತ್ತಾರೆ. ನಮ್ಮ ಪುರವಣಿಗಳ ಎಷ್ಟೋ ಬರಹಗಳು ಸೊರಗುವುದು ಇಲ್ಲಿಯೇ ಎಂದು ನನ್ನ ದೃಢ ಅಭಿಪ್ರಾಯ. ಆದ್ದರಿಂದ ಪದ ಹುಡುಕುವ ಕೆಲಸ ನನಗೆ ಬರಿಯ ಪರಿಭಾಷೆಯ ಹಟವಾಗಿ ಕಾಣುತ್ತಿಲ್ಲ.

‘ಸಾರಾಂಶ’ ಎಂದರೆ ಬರೆದು ಮುಗಿದದ್ದನ್ನು ಸಂಗ್ರಹಿಸಿದಂತಾಗುತ್ತದೆ. ‘ಪೀಠಿಕೆ’ ಎಂದರೆ ವಿದ್ಯಾರ್ಥಿಗಳು ಮೊದಲ ಪ್ಯಾರಾಕ್ಕೇ ಕೈ ಹಾಕುತ್ತಾರೆ. ‘ಬೀಜ’ ಆಕರ್ಷಕ ಪದ. ಆದರೆ ನಾಟ್ಯಶಾಸ್ತ್ರದ ಬೀಜ ಆರಂಭದಲ್ಲಿ ಸೂಕ್ಷ್ಮವಾಗಿ ಬಿದ್ದು ಮುಂದೆ ಹಬ್ಬುವಂಥದ್ದು, ಇಲ್ಲಿ ಗುಟ್ಟು ಉಳಿಸಿಕೊಳ್ಳುವ ಹಾಗಿಲ್ಲ. ‘ತಿರುಳು ಪ್ಯಾರಾ’ ಎಂಬುದರ ಕಡೆಗೆ ನನ್ನ ಒಲವು. ‘ನಿನ್ನ ವರದಿಯ ತಿರುಳೇನು?’ ಎಂದು ಕೇಳಿದರೆ ಯಾರಿಗೂ ವಿವರಿಸಬೇಕಾಗಿಲ್ಲ. ಇಡೀ ಬರಹದ ತಿರುಳು ಬೇರೆ, ಅದನ್ನು ಹೇಳುವ ಪ್ಯಾರಾ ಬೇರೆ ಎಂಬ ಆಕ್ಷೇಪ ಬಂದೀತು. ‘ತಿರುಳು’ ಮತ್ತು ‘ತಿರುಳು ಪ್ಯಾರಾ’ ಎಂದು ಬೇರೆ ಬೇರೆಯಾಗಿ ಬಳಸಿದರೆ ಆ ತೊಡಕು ತೀರುತ್ತದೆ.

ಪತ್ರಿಕೆಗಳ ಡೆಸ್ಕಿನಲ್ಲಿ ವರ್ಷಗಟ್ಟಲೆ ದುಡಿದ ಹಿರಿಯರು ಇಲ್ಲಿದ್ದೀರಿ. ವರದಿ ತಿದ್ದುವಾಗ ಈ ಪ್ಯಾರಾವನ್ನು ನೀವು ಯಾವ ಹೆಸರಿನಿಂದ ಕರೆಯುತ್ತಿದ್ದಿರಿ? ಪ್ಯಾರಾ ಎಂಬುದರ ಬದಲು ಅಷ್ಟೇ ಚುಟುಕಾದ ಪದವೇನಾದರೂ ಬಳಕೆಯಲ್ಲಿತ್ತೇ?