ಹೋಂಡಾ ಸಿಟಿ ವಿಟೆಕ್‌ಗೆ 4-2-1 ಹೆಡರ್: ನಮ್ಮ ಕಾಸರಗೋಡಿನ ಹವೆಗೂ ಕಾನೂನಿಗೂ ಹೊಂದುತ್ತದೆಯೇ?

ಬದಿಯಡ್ಕ_ವಿಟೆಕ್:

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2002ರಲ್ಲಿ ನೋಂದಣಿಯಾದ ಹೋಂಡಾ ಸಿಟಿ 1.5 ವಿಟೆಕ್ ಇದೆ. 106 ಅಶ್ವಶಕ್ತಿಯ ಈ ಎಂಜಿನ್ ಇಂದಿಗೂ ಗಟ್ಟಿಯಾಗಿದ್ದು, ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಸಮವಾಗಿದೆ. ಆದರೆ ಬೀಡುಕಬ್ಬಿಣದ ಮೂಲ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಕೂಡಿಸಿ ಹಿಂದಿನ ಪೈಪಿಗೆ ಒಯ್ಯುವ ಭಾಗ) ಬಿರುಕು ಬಿಟ್ಟಿದೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಎಂಬ ಶಬ್ದ ಕೇಳಿಸುತ್ತದೆ, ಬಿಸಿಯಾದ ಮೇಲೆ ಅದು ಅಡಗುತ್ತದೆ. ಮೈಲೇಜ್ ಕೂಡ ಇಳಿದಿದೆ.

ಹೇಗೂ ಬಿಚ್ಚಲೇಬೇಕಾದ್ದರಿಂದ ಸ್ಟೇನ್‌ಲೆಸ್ ಸ್ಟೀಲಿನ ಹೆಡರ್ (ಪ್ರತಿ ಸಿಲಿಂಡರಿಗೂ ಬೇರೆ ಪೈಪಿರುವ ಮ್ಯಾನಿಫೋಲ್ಡ್) ಹಾಕಿಸಬೇಕೆಂಬ ಆಸೆ ಇದೆ. ನಾನು ಹೆಚ್ಚಾಗಿ ಓಡಿಸುವುದು ಹೆದ್ದಾರಿ 66ರಲ್ಲಿ ಮತ್ತು ಸುಳ್ಯ, ಸಂಪಾಜೆ ಮಾರ್ಗವಾಗಿ ಮಡಿಕೇರಿಯ ಘಾಟಿಯಲ್ಲಿ. ಅವಕಾಶ ಸಿಕ್ಕರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯುವ ಮನಸ್ಸೂ ಇದೆ. 4-2-1 (ನಾಲ್ಕು ಪೈಪು ಎರಡಾಗಿ, ಆಮೇಲೆ ಒಂದಾಗುವುದು) ಒಳ್ಳೆಯದೋ, 4-1 (ನಾಲ್ಕೂ ನೇರವಾಗಿ ಒಂದಾಗುವುದು) ಒಳ್ಳೆಯದೋ? ಮಂಗಳೂರಿನ ಒಂದು ವರ್ಕ್‌ಶಾಪಿನವರು ಹೊಗೆಯ ವಿಷಾಂಶ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ತೆಗೆದು ನೇರ ಪೈಪ್ ಹಾಕಿದರೆ ಮಾತ್ರ ಪ್ರಯೋಜನ ಎನ್ನುತ್ತಾರೆ. ಇದು ನಿಜವೇ? ಕೇರಳ ನೋಂದಣಿಯ ಗಾಡಿಗೆ ಇದರಿಂದ ತೊಂದರೆ ಬರಬಹುದೇ?

ಮುಳ್ಳೇರಿಯ_ಸ್ಪ್ಯಾನರ್:

ಮೊದಲು ಆ ಮೈಲೇಜಿನ ವಿಷಯ ಹೇಳುತ್ತೇನೆ. ಬಿರುಕು, ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂಚಿನ ಭಾಗದಲ್ಲಿದ್ದರೆ, ಹೊಗೆಯ ಎರಡು ಒತ್ತಡಗಳ ನಡುವಿನ ಕ್ಷಣದಲ್ಲಿ ಅದರ ಮೂಲಕ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ಆಮ್ಲಜನಕವನ್ನು ಕಂಡ ಸೆನ್ಸರ್ ಪೆಟ್ರೋಲ್ ಸಾಲುತ್ತಿಲ್ಲವೆಂದು ತಿಳಿಸುತ್ತದೆ, ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಅಗತ್ಯವಿಲ್ಲದಿದ್ದರೂ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಆದ್ದರಿಂದ ಹೆಡರ್ ಹಾಕಿಸಿ ಅಥವಾ ಮೂಲ ಮ್ಯಾನಿಫೋಲ್ಡನ್ನೇ ಬದಲಿಸಿ, ಈ ಸೋರಿಕೆಯನ್ನು ಮಾತ್ರ ಹಾಗೆಯೇ ಬಿಡಬೇಡಿ.

ಹೆಡರ್ ಕೆಲಸ ಮಾಡುವುದು ಪೈಪ್ ದೊಡ್ಡದಾಗಿರುವುದರಿಂದಲ್ಲ. ಎಕ್ಸಾಸ್ಟ್ ವಾಲ್ವ್ ತೆರೆದಾಗ ಹೊರಡುವ ಒತ್ತಡದ ಅಲೆ ಪೈಪುಗಳು ಕೂಡುವ ಜಾಗವನ್ನು ತಲುಪಿದ ಕೂಡಲೇ ಅಲ್ಲಿಂದ ಕಡಿಮೆ ಒತ್ತಡದ ಅಲೆಯಾಗಿ ಹಿಂದಕ್ಕೆ ಮರಳುತ್ತದೆ. ಮಿಶ್ರಣ ಒಳಬಿಡುವ ಮತ್ತು ಹೊಗೆ ಹೊರಬಿಡುವ ಎರಡೂ ವಾಲ್ವುಗಳು ಸ್ವಲ್ಪ ತೆರೆದಿರುವ ಕ್ಷಣಕ್ಕೆ ಸರಿಯಾಗಿ ಅದು ಬಂದು ಮುಟ್ಟಿದರೆ, ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಮಿಶ್ರಣಕ್ಕೆ ಜಾಗ ಮಾಡಿಕೊಡುತ್ತದೆ. ಪೈಪ್ ಉದ್ದವಾಗಿದ್ದರೆ ಈ ಹೊಂದಾಣಿಕೆ ಕಡಿಮೆ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಸಿಗುತ್ತದೆ, ಗಿಡ್ಡವಾಗಿದ್ದರೆ ಹೆಚ್ಚಿನ ಆರ್‌ಪಿಎಂನಲ್ಲಿ ಸಿಗುತ್ತದೆ. ನಿಮ್ಮ ಎಂಜಿನ್ನಿನ ಫೈರಿಂಗ್ ಕ್ರಮ (ಸಿಲಿಂಡರುಗಳು ಉರಿಯುವ ಸರದಿ) 1-3-4-2. 4-2-1 ವಿನ್ಯಾಸದಲ್ಲಿ 1 ಮತ್ತು 4ನ್ನು ಒಂದು ಜೋಡಿಯಾಗಿಯೂ, 2 ಮತ್ತು 3ನ್ನು ಇನ್ನೊಂದು ಜೋಡಿಯಾಗಿಯೂ ಮಾಡುತ್ತಾರೆ. ಹಾಗೆ ಮಾಡಿದಾಗ ಒಂದು ಜೋಡಿಯೊಳಗಿನ ಎರಡು ಹೊಡೆತಗಳ ನಡುವೆ ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡದ) ಪೂರ್ತಿ ಒಂದು ಸುತ್ತಿನ ಅಂತರವಿರುತ್ತದೆ, ಒಂದರ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಸಂಪಾಜೆ ಘಾಟಿಯಲ್ಲಿ ಎರಡನೇ, ಮೂರನೇ ಗೇರಿನಲ್ಲಿ ನಿಮಗೆ ಬೇಕಾಗುವುದು ನಡುವಿನ ಆರ್‌ಪಿಎಂನ ಎಳೆತ. ಆದುದರಿಂದ 4-2-1 ಆರಿಸಿಕೊಳ್ಳಿ. 4-1 ಸದಾ ಮೇಲಿನ ಆರ್‌ಪಿಎಂನಲ್ಲೇ ಓಡುವ ರೇಸ್ ಗಾಡಿಗೆ ಸೇರಿದ್ದು. ಒಳವ್ಯಾಸ ಅತಿಯಾದರೆ ಹೊಗೆಯ ವೇಗ ಕುಸಿದು ಇರುವ ಟಾರ್ಕೂ (ಎಳೆತದ ಬಲ) ಕೈಬಿಟ್ಟು ಹೋಗುತ್ತದೆ ಎಂಬುದು ನೆನಪಿರಲಿ. ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ), ಇಸಿಯು ಎರಡೂ ಮೂಲದ್ದೇ ಆಗಿರುವಾಗ ನಾಲ್ಕೈದು ಅಶ್ವಶಕ್ತಿ ಹೆಚ್ಚಿದರೆ ಒಳ್ಳೆಯ ಫಲಿತಾಂಶವೆಂದು ತಿಳಿಯಬೇಕು. ಅದಕ್ಕಿಂತ ಬಹಳ ಹೆಚ್ಚಿನ ಭರವಸೆ ಕೊಡುವವರನ್ನು ಡೈನೋ (ಶಕ್ತಿ ಅಳೆಯುವ ಯಂತ್ರ) ಕಾಗದ ತೋರಿಸಲು ಕೇಳಿ.

ಕನ್ವರ್ಟರ್ ತೆಗೆಯಬೇಡಿ. ಅದು ವಿಷಕಾರಿ ಕಾರ್ಬನ್ ಮೊನಾಕ್ಸೈಡನ್ನೂ ಸುಡದೆ ಉಳಿದ ಪೆಟ್ರೋಲ್ ಅಂಶವನ್ನೂ ತಗ್ಗಿಸುವ ಮುಖ್ಯ ಭಾಗ. ನಮ್ಮ ಮಕ್ಕಳು ಇದೇ ಹೆದ್ದಾರಿಯ ಅಂಚಿನಲ್ಲಿ ಶಾಲೆಯ ಬಸ್ಸಿಗೆ ಕಾಯುತ್ತಾರೆ. ಹಳೆಯದು ನಿಜವಾಗಿಯೂ ಕಟ್ಟಿಕೊಂಡಿದ್ದರೆ ಹೊಸ ಕನ್ವರ್ಟರ್ ಹಾಕಿಸುವುದೇ ಸರಿಯಾದ ದಾರಿ. ಹೆಡರ್ ಮಾಡುವವರು ಅದನ್ನು ತೀರಾ ಹಿಂದಕ್ಕೆ ಸರಿಸದಂತೆಯೂ ನೋಡಿಕೊಳ್ಳಿ, ಏಕೆಂದರೆ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯೇರುವವರೆಗೆ ಅದು ಸರಿಯಾಗಿ ಕೆಲಸ ಆರಂಭಿಸುವುದಿಲ್ಲ.

ಬಿಚ್ಚುವ ಕೆಲಸದ ಬಗ್ಗೆಯೂ ಒಂದು ಮಾತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಇಷ್ಟು ಹಳೆಯ ಗಾಡಿಯ ಸ್ಟಡ್‌ಗಳು (ಮ್ಯಾನಿಫೋಲ್ಡನ್ನು ಹಿಡಿದಿಡುವ ಬೋಲ್ಟಿನಂಥ ತಿರುಪುಗಳು) ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಡಿ, ನಟ್ಟನ್ನು ಸ್ವಲ್ಪ ಬಿಗಿಮಾಡಿ ಸ್ವಲ್ಪ ಸಡಿಲಿಸಿ, ಹೀಗೆ ತಾಳ್ಮೆಯಿಂದ ತೆಗೆಯಿರಿ. ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ಡಿನೊಳಗೆ ಸ್ಟಡ್ ಮುರಿದರೆ ಖರ್ಚು ಹೆಡರಿನ ಬೆಲೆಯನ್ನೇ ಮೀರಬಹುದು.

ಹೊಸದುರ್ಗ_ನಿವಾಸಿ:

ಕಾನೂನಿನ ಭಾಗಕ್ಕೆ ಉತ್ತರಿಸುತ್ತೇನೆ. ತಯಾರಕರು ಸೂಚಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿರ್ಬಂಧಿಸುತ್ತದೆ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿರ್ಬಂಧವನ್ನು ಬಿಗಿಯಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸದಾಗಿ ಬರೆಯಲಾದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ಬಿಡಿಭಾಗಗಳನ್ನು ಜೋಡಿಸಿ ಮಾರ್ಪಡಿಸಿದ ಮಾಲೀಕರಿಗೆ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ವಿಧಿಸಬಹುದು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ 190ನೇ ಕಲಮು ಬೇರೆಯೇ ಇದೆ, ಅದರ ದಂಡ 10,000 ರೂಪಾಯಿಯವರೆಗೆ.

ಹೆಡರಿನ ವಿವರ ನೋಂದಣಿ ಪತ್ರದಲ್ಲಿ ಇರುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ರಸ್ತೆ ಬದಿಯ ತಪಾಸಣೆಯಲ್ಲಿ ಆ ವಾದವನ್ನು ನಂಬಿ ನಿಲ್ಲುವುದು ನನ್ನ ದೃಷ್ಟಿಯಲ್ಲಿ ಜಾಣತನವಲ್ಲ. ನಿಮ್ಮ ಗಾಡಿಗೆ 15 ವರ್ಷ ತುಂಬಿ, ಈಗ ಐದೈದು ವರ್ಷಗಳ ನವೀಕರಣದಲ್ಲಿ ಓಡುತ್ತಿದೆ. ಪ್ರತಿ ನವೀಕರಣಕ್ಕೂ ಅಧಿಕಾರಿಯ ಪರಿಶೀಲನೆ ಇರುತ್ತದೆ. ಮೂಲ ವಿನ್ಯಾಸದ ಮ್ಯಾನಿಫೋಲ್ಡ್ ಹಾಕಿದರೆ ಅದು ದುರಸ್ತಿ ಎನಿಸಿಕೊಳ್ಳುತ್ತದೆ, ಯಾರೂ ಪ್ರಶ್ನಿಸುವಂತಿಲ್ಲ.

ಬದಿಯಡ್ಕ_ವಿಟೆಕ್:

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ರಸ್ತೆಗೆ ಮೂಲ ವಿನ್ಯಾಸದ ಮ್ಯಾನಿಫೋಲ್ಡನ್ನೇ ಹುಡುಕುತ್ತೇನೆ. ಟ್ರ್ಯಾಕಿಗೆ ಗಾಡಿಯನ್ನು ಲಾರಿಯಲ್ಲಿ ಸಾಗಿಸಿ, ಅಲ್ಲಿಗೆ ಮಾತ್ರ ಬಳಸುವಂತೆ ಹೆಡರನ್ನು ಪ್ರತ್ಯೇಕವಾಗಿ ಮಾಡಿಸಬಹುದೇ? ಮಾಡಿಸುವಾಗ ಏನನ್ನು ಗಮನಿಸಬೇಕು?

ಹೊಸೂರು_ಟಿಗ್:

ಮಾಡಿಸಬಹುದು. ಆದರೆ ಪದೇ ಪದೇ ಬಿಚ್ಚಿ ಹಾಕುವುದಾದರೆ ಹಳೆಯ ಸ್ಟಡ್‌ಗಳನ್ನು ಮೊದಲೇ ಬದಲಿಸಿಕೊಳ್ಳಿ, ಪ್ರತಿ ಸಲವೂ ಹೊಸ ಗ್ಯಾಸ್ಕೆಟ್ (ಜೋಡಣೆಯ ಸೋರಿಕೆ ತಡೆಯುವ ಹಾಳೆ) ಬಳಸಿ.

304 ದರ್ಜೆಯ ಸ್ಟೇನ್‌ಲೆಸ್ ಬಿಸಿಯಾದಾಗ ಮೈಲ್ಡ್ ಸ್ಟೀಲಿಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಹಿಗ್ಗುತ್ತದೆ. ಹೆಡ್ಡಿಗೆ ಕೂರುವ ಫ್ಲ್ಯಾಂಜನ್ನು (ಪೈಪುಗಳನ್ನು ಹಿಡಿದಿಡುವ ಚಪ್ಪಟೆ ಪಟ್ಟಿಯನ್ನು) ದಪ್ಪದ ಪ್ಲೇಟಿಗೆ ಬೋಲ್ಟ್ ಮಾಡಿ ಹಿಡಿದೇ ವೆಲ್ಡ್ ಮಾಡದಿದ್ದರೆ ಅದು ಬಾಳೆಕಾಯಿಯಂತೆ ಬಾಗಿಬಿಡುತ್ತದೆ, ಆಮೇಲೆ ಎಷ್ಟು ಬಿಗಿದರೂ ಸೋರುತ್ತದೆ. ಫ್ಲ್ಯಾಂಜ್ 8ರಿಂದ 10 ಮಿಲಿಮೀಟರ್ ದಪ್ಪವಿರಲಿ, ವೆಲ್ಡಿಂಗ್ ಮುಗಿದ ಮೇಲೆ ಮುಖವನ್ನು ಗ್ರೈಂಡಿಂಗ್ ಮಾಡಿಸಿ, ಉಕ್ಕಿನ ಪಟ್ಟಿ ಇಟ್ಟು ಸಮತಟ್ಟಾಗಿದೆಯೇ ಎಂದು ನೋಡಿ. ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ಬೆಸುಗೆ) ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಹಾಯಿಸುವವರಿಗೇ ಕೆಲಸ ಕೊಡಿ. ಅದಿಲ್ಲದೆ ಹೋದರೆ ಬೆಸುಗೆಯ ಒಳಮುಖ ಸುಟ್ಟು ತರಿತರಿಯಾಗಿ, ಹೊಗೆಯ ಹರಿವೂ ಕೆಡುತ್ತದೆ, ಬಿರುಕಿಗೂ ಅಲ್ಲೇ ಆರಂಭ. ಎಂಜಿನ್ ತನ್ನ ಮೌಂಟಿಂಗುಗಳ ಮೇಲೆ ಅಲುಗಾಡುತ್ತಿರುವುದರಿಂದ ಹೆಡರಿಗೂ ಹಿಂದಿನ ಪೈಪಿಗೂ ನಡುವೆ ಬಳುಕುವ ಜೋಡಣೆ ಅನಿವಾರ್ಯ. ಆಕ್ಸಿಜನ್ ಸೆನ್ಸರಿನ ನಟ್ಟನ್ನು, ನೀರಿನ ಹನಿ ಸೆನ್ಸರಿನ ತುದಿಯಲ್ಲಿ ನಿಲ್ಲದಂತೆ, ಪೈಪಿನ ಮೇಲ್ಭಾಗದಲ್ಲಿ ಓರೆಯಾಗಿ ಕೂರಿಸಬೇಕು.

ಕೂರಿಸುವಾಗ ನಟ್ಟುಗಳನ್ನು ನಡುವಿನಿಂದ ಹೊರಗಿನ ಕಡೆಗೆ, ಹಂತ ಹಂತವಾಗಿ, ಸರ್ವಿಸ್ ಕೈಪಿಡಿಯಲ್ಲಿರುವ ಬಿಗಿತದ ಅಳತೆಗೆ (ಟಾರ್ಕ್) ಬಿಗಿಯಿರಿ. ಮೊದಲ ಸ್ಟಾರ್ಟಿಗೆ ಮುನ್ನ ಪೈಪುಗಳ ಮೇಲಿನ ಬೆರಳಿನ ಎಣ್ಣೆಗುರುತುಗಳನ್ನು ಒರೆಸದಿದ್ದರೆ ಅವು ಶಾಶ್ವತ ಕಲೆಗಳಾಗುತ್ತವೆ. ಎಂಜಿನ್ ಬಿಸಿಯಾಗಿ ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ಬಿಗಿಯನ್ನು ಪರೀಕ್ಷಿಸಿ. ಸೋರಿಕೆ ಹುಡುಕಲು ಸುಲಭ ದಾರಿ ಇದೆ: ತಣ್ಣಗಿರುವಾಗ ಸೈಲೆನ್ಸರಿನ ತುದಿಯಿಂದ ಬ್ಲೋವರಿನಲ್ಲಿ ಗಾಳಿ ಊದಿಸಿ, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವ ಜಾಗ ತಾನೇ ತಿಳಿಯುತ್ತದೆ.

ಹೆಡರಿಗೆ ಶಾಖ ತಡೆಯುವ ಬಟ್ಟೆಯ ಪಟ್ಟಿ ಸುತ್ತಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಕರಾವಳಿಯ ಉಪ್ಪುಗಾಳಿಯ ತೇವವನ್ನು ಅದು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಒಳಗೆ ಲೋಹ ಹಾಳಾಗುತ್ತಿರುವುದು ಕಣ್ಣಿಗೆ ಬೀಳುವುದೇ ಇಲ್ಲ. ಈ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಇರುವುದು ಮುಂಭಾಗದಲ್ಲಿ, ರೇಡಿಯೇಟರಿನ ಬದಿಗೆ. ಆದುದರಿಂದ ಲೋಹದ ಶಾಖ ತಡೆಗೋಡೆಯನ್ನು ಮಾತ್ರ ಬಿಡದೆ ಕೂರಿಸಿ, ರೇಡಿಯೇಟರಿನ ಫ್ಯಾನಿಗೂ ವೈರುಗಳಿಗೂ ಎರಡು ಬೆರಳಿನಷ್ಟಾದರೂ ಅಂತರ ಉಳಿದಿದೆಯೇ ಎಂದು ಅಳೆದು ನೋಡಿಯೇ ಹಣ ಕೊಡಿ.