ಮಡಿಕೇರಿಗೆ ಬಂದ ಮೇಲೆ ಬಾರೋಮೀಟರ್ ಮುಳ್ಳು ಕೆಳಗೇ ನಿಂತಿದೆ, ಕೆಟ್ಟಿದೆಯಾ?

ಪ್ರಶ್ನೆ (ಮಡಿಕೇರಿ ಹತ್ತಿರದ ಕಾಫಿ ಬೆಳೆಗಾರರು):
ಸಾರ್, ನಮಸ್ಕಾರ. ಮಂಗಳೂರಿನಲ್ಲಿರುವ ಮಗಳು ಗಾಳಿಯ ಒತ್ತಡ ಅಳೆಯುವ, ಗೋಡೆಗೆ ಹಾಕುವ ಬಾರೋಮೀಟರ್ ಕೊಡಿಸಿದಳು. ಅವಳ ಮನೆಯಲ್ಲಿ ಮುಳ್ಳು 1010ರಲ್ಲಿತ್ತು. ಕಾರಿನಲ್ಲಿ ತೊಡೆ ಮೇಲಿಟ್ಟುಕೊಂಡೇ ಬಂದೆ. ಸಂಪಾಜೆ ದಾಟಿ ಘಾಟಿ ಹತ್ತುತ್ತಿದ್ದ ಹಾಗೆ ಮುಳ್ಳು ಎಡಕ್ಕೆ ಜಾರುತ್ತಲೇ ಹೋಯಿತು. ಈಗ ಬಿರುಗಾಳಿಯ ಗುರುತನ್ನೂ ದಾಟಿ, ಅಂಕಿಯೇ ಇಲ್ಲದ ಜಾಗದಲ್ಲಿ ನಿಂತಿದೆ. ಹೊರಗೆ ಒಳ್ಳೇ ಬಿಸಿಲು! ಮೊಬೈಲ್ ಮಾತ್ರ ಮಡಿಕೇರಿಗೆ 1012 ತೋರಿಸುತ್ತದೆ. ವಾಪಸ್ ಕೊಡಲಾ?

ಉತ್ತರ (ಹವಾಮಾನ ಉಪಕರಣಗಳ ತಂತ್ರಜ್ಞ):
ಕೊಡಬೇಡಿ ಸಾರ್. ಸರಿಯಾಗಿರುವುದರಿಂದಲೇ ಮುಳ್ಳು ಅಲ್ಲಿ ನಿಂತಿದೆ.

ಅದರೊಳಗೆ ತೆಳು ತಗಡಿನ ಒಂದು ಪುಟ್ಟ ಡಬ್ಬಿ ಇದೆ. ಅದರಲ್ಲಿನ ಗಾಳಿಯನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು ಬೆಸುಗೆ ಹಾಕಿರುತ್ತಾರೆ. ಹೊರಗಿನ ಗಾಳಿ ಜಾಸ್ತಿ ಒತ್ತಿದರೆ ಡಬ್ಬಿ ಕುಗ್ಗುತ್ತದೆ, ಒತ್ತಡ ಇಳಿದರೆ ಉಬ್ಬುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಈ ಕದಲಿಕೆಯನ್ನು ಪುಟ್ಟ ಸನ್ನೆಕೋಲುಗಳು ದೊಡ್ಡದು ಮಾಡಿ ಮುಳ್ಳಿಗೆ ಮುಟ್ಟಿಸುತ್ತವೆ.

ಹುಲ್ಲಿನ ಮೆದೆ ನೋಡಿದ್ದೀರಲ್ಲ. ತಳದ ಹುಲ್ಲು ಮೇಲಿನ ಭಾರಕ್ಕೆ ಒತ್ತಿ ಗಟ್ಟಿಯಾಗಿರುತ್ತದೆ, ಮೇಲಿನದು ಸಡಿಲ. ಗಾಳಿಯೂ ಹಾಗೆಯೇ. ಮಂಗಳೂರು ಮೆದೆಯ ತಳದಲ್ಲಿದೆ. ಮಡಿಕೇರಿ ಸುಮಾರು 1,150 ಮೀಟರ್ ಮೇಲಿದೆ. ಅಷ್ಟು ಗಾಳಿಯ ಭಾರ ನಿಮ್ಮ ತಲೆಯ ಮೇಲಿಲ್ಲ. ಕೆಳಗಿನ ಪದರದಲ್ಲಿ 8-9 ಮೀಟರ್ ಹತ್ತಿದರೆ ಒತ್ತಡ 1 ಹೆಕ್ಟೋಪ್ಯಾಸ್ಕಲ್ (ಮುಳ್ಳು ತೋರಿಸುವ ಒಂದು ಅಂಕಿ) ಇಳಿಯುತ್ತದೆ. ಮೇಲೆ ಗಾಳಿ ಸಡಿಲವಾದಂತೆ ಅಷ್ಟೇ ಇಳಿಯಲು ಇನ್ನೂ ಜಾಸ್ತಿ ಹತ್ತಬೇಕು. ನಿಮ್ಮ ಮನೆಯಲ್ಲಿ ನಿಜವಾದ ಒತ್ತಡ 885ರ ಆಸುಪಾಸು. ಮನೆ ಬಾರೋಮೀಟರ್‌ಗಳಲ್ಲಿ ಅಂಕಿ ಸಾಮಾನ್ಯವಾಗಿ 960ರಿಂದ ಶುರು. ಮುಳ್ಳು ಇನ್ನೆಲ್ಲಿ ನಿಲ್ಲಬೇಕು ಹೇಳಿ?

1648ರ ಸೆಪ್ಟೆಂಬರ್ 19ರಂದು ಫ್ರಾನ್ಸಿನಲ್ಲಿ ವಿಜ್ಞಾನಿ ಪ್ಯಾಸ್ಕಲ್ ಅವರ ಭಾವ ಪೆರಿಯೇ ಪಾದರಸದ ಕೊಳವೆ ಹೊತ್ತು ಪುಯ್ ದ ಡೋಮ್ ಬೆಟ್ಟ ಹತ್ತಿದರು. ತುದಿಯಲ್ಲಿ ಪಾದರಸ ಸುಮಾರು 8 ಸೆಂಟಿಮೀಟರ್ ಇಳಿದಿತ್ತು. ನೀವು ಘಾಟಿಯಲ್ಲಿ ತೊಡೆ ಮೇಲೆ ಇಟ್ಟುಕೊಂಡು ನೋಡಿದ್ದು ಅದೇ ಪ್ರಯೋಗ. ಓದಿ ನನಗೆ ನಿಜಕ್ಕೂ ಖುಷಿಯಾಯಿತು.

ಇನ್ನು ಮೊಬೈಲಿನ 1012. ಅದು ಮಡಿಕೇರಿಯಲ್ಲಿರುವ ಒತ್ತಡ ಅಲ್ಲ. ನಿಮ್ಮ ಊರು ಸಮುದ್ರ ಮಟ್ಟದಲ್ಲಿದ್ದಿದ್ದರೆ ಎಷ್ಟಿರುತ್ತಿತ್ತು ಅಂತ ಲೆಕ್ಕ ಹಾಕಿ ಕೊಟ್ಟ ಅಂಕಿ. ಹೀಗೆ ಮಾಡದಿದ್ದರೆ ಊರಿಂದೂರಿಗೆ ಹೋಲಿಸಲು ಆಗುವುದಿಲ್ಲ. 1999ರ ಒಡಿಶಾ ಸೂಪರ್ ಸೈಕ್ಲೋನ್‌ನ ನಡುವಿನ ಒತ್ತಡ 912 ಇತ್ತು. ಮಡಿಕೇರಿಯಲ್ಲಿ ಬಿಸಿಲಿನ ದಿನವೂ ಅದಕ್ಕಿಂತ ಕಡಿಮೆ! ನಿಜವಾದ ಅಂಕಿಯನ್ನೇ ನಕ್ಷೆಗೆ ಹಾಕಿದರೆ ಕೊಡಗಿನ ಮೇಲೆ ವರ್ಷವಿಡೀ ಚಂಡಮಾರುತ ಕೂತ ಹಾಗೆ ಕಾಣುತ್ತದೆ.

ಹಿಂಬದಿಯಲ್ಲಿ ಸಣ್ಣ ಸ್ಕ್ರೂ ಇದೆಯಾ ನೋಡಿ. ನಿಧಾನಕ್ಕೆ ತಿರುಗಿಸಿ ಮುಳ್ಳನ್ನು ಮೊಬೈಲಿನ ಅಂಕಿಗೆ ತನ್ನಿ. ಬಿಗಿಯಾದರೆ ಅಲ್ಲಿಗೇ ಬಿಡಿ, ಜೋರು ಮಾಡಬೇಡಿ. ಬೆಟ್ಟದೂರಿನ ಎತ್ತರಕ್ಕೆ ಸಾಲುವಷ್ಟು ಸ್ಕ್ರೂ ಎಲ್ಲ ಮಾದರಿಯಲ್ಲೂ ಇರುವುದಿಲ್ಲ.

ಪ್ರಶ್ನೆ (ಕಕ್ಕಬ್ಬೆಯಲ್ಲಿ ಹೋಂಸ್ಟೇ ನಡೆಸುವವರು):
ಸಾರ್, ತಡಿಯಂಡಮೋಳ್ ಬೆಟ್ಟ ಹತ್ತಿ ಬಂದ ಅತಿಥಿಗಳು ಆಕ್ಸಿಜನ್ ಕಡಿಮೆ, ಉಸಿರು ಕಟ್ಟಿತು ಅಂತಾರೆ. ಹೌದಾ? ನಮ್ಮಲ್ಲಿ ಅನ್ನ ಬೇಯೋದೂ ತಡ ಆಗುತ್ತಾ?

ಉತ್ತರ:
ಮೇಡಂ, ಗಾಳಿಯಲ್ಲಿ ಆಕ್ಸಿಜನ್ ಪಾಲು ಅಲ್ಲೂ ಶೇ 21ರಷ್ಟೇ. ಗಾಳಿ ಸಡಿಲವಾಗಿರುವುದರಿಂದ ಒಂದು ಉಸಿರಿಗೆ ಸಿಗುವುದು ಕಡಿಮೆ. ಆದರೆ 1,748 ಮೀಟರ್‌ಗೆ ಅಂಥ ತೊಂದರೆ ಆಗುವುದು ಅಪರೂಪ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ಮೇಲೆ. ಅವರ ಏದುಸಿರು ಹೆಚ್ಚಾಗಿ ಕಡಿದಾದ ಏರಿನದ್ದು. ಎದೆನೋವು ಅಂದರೆ ಮಾತ್ರ ತಡಮಾಡದೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.

ಅನ್ನದ ವಿಷಯ ಹೌದು. ಮಡಿಕೇರಿ ಎತ್ತರದಲ್ಲಿ ನೀರು 96 ಡಿಗ್ರಿಯಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಸ್ವಲ್ಪ ತಡ. ಕುಕ್ಕರ್‌ನಲ್ಲಿ ವ್ಯತ್ಯಾಸ ಒಂದೆರಡು ಡಿಗ್ರಿ ಅಷ್ಟೇ.

ಮತ್ತೆ ಕಾಫಿ ಬೆಳೆಗಾರರು:
ಸ್ಕ್ರೂ ತಿರುಗಿಸಿದೆ ಸಾರ್. 985ಕ್ಕೆ ಬಂದು ಬಿಗಿಯಾಯಿತು. ಇದನ್ನು ನೋಡಿ ಮಳೆ ಹೇಳಬಹುದಾ?

ಉತ್ತರ:
ಅಲ್ಲೇ ಬಿಡಿ. ಮೊಬೈಲಿಗಿಂತ 27 ಕಡಿಮೆ ಅಲ್ವಾ? ‘27 ಕೂಡಿಸು’ ಅಂತ ಚೀಟಿ ಬರೆದು ಪಕ್ಕದಲ್ಲಿ ಅಂಟಿಸಿ.

ಮಳೆಗೆ ಇದೊಂದನ್ನೇ ನಂಬಬೇಡಿ. ನಮ್ಮ ಮುಂಗಾರು ಮಳೆಗೂ ಎತ್ತರಕ್ಕೂ ಇರುವ ಸಂಬಂಧವೇ ಬೇರೆ. ಅರಬ್ಬಿ ಸಮುದ್ರದ ತೇವದ ಗಾಳಿಗೆ ಘಟ್ಟ ಅಡ್ಡ ಬರುತ್ತದೆ, ಹತ್ತಲೇಬೇಕು. ಹತ್ತಿದಂತೆ ಒತ್ತಡ ಇಳಿದು ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದಕ್ಕೆ ತಣ್ಣಗಾಗುತ್ತದೆ. ಮೋಡ ಕಟ್ಟುವ ತನಕ ನೂರು ಮೀಟರ್‌ಗೆ ಸುಮಾರು 1 ಡಿಗ್ರಿ. ಆಮೇಲೆ ಆವಿ ಹನಿಯಾಗಿ ಭಾಗಮಂಡಲದ ಕಡೆ ಸುರಿಯುತ್ತದೆ. ಕುಶಾಲನಗರದ ಕಡೆ ಗಾಳಿ ಇಳಿದು ಬಿಸಿಯಾಗುವುದರಿಂದ ಅಲ್ಲಿ ಮಳೆ ಕಮ್ಮಿ. ನಿಮ್ಮ ಮುಳ್ಳು ಘಾಟಿಯಲ್ಲಿ ಜಾರಿದ್ದಕ್ಕೂ ನಮ್ಮ ಮಳೆಗೂ ಕಾರಣ ಒಂದೇ.

ಇನ್ನೊಂದು ಮಾತು. ಮುಳ್ಳು ದಿನಾ ಬೆಳಿಗ್ಗೆ 10ರ ಹೊತ್ತಿಗೆ ಏರಿ, ಸಂಜೆ 4ರ ಹೊತ್ತಿಗೆ ಎರಡು ಮೂರು ಅಂಕಿ ಇಳಿಯುತ್ತದೆ. ಮಳೆ ಬರಲಿ ಬಿಡಲಿ, ನಮ್ಮ ಕಡೆ ಅದು ಹಾಗೆಯೇ. ಸಂಜೆ ಇಳಿದದ್ದನ್ನು ಕಂಡು ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ಸುಮ್ನೆ ಗುಡ್ಡೆ ಮಾಡಬೇಡಿ. ಇವತ್ತಿನ 10 ಗಂಟೆಯ ಅಂಕಿಯನ್ನು ನಿನ್ನೆಯ 10 ಗಂಟೆಯ ಅಂಕಿಗೇ ಹೋಲಿಸಿ. ಒಂದು ತಿಂಗಳು ಬರೆದಿಟ್ಟು ಇಲ್ಲಿ ಹಾಕಿ, ಕೂತು ನೋಡೋಣ.