ಪದಚರ್ಚೆ: ಕಾಲಯಾನದ ‘ಕಂಪ್ಯಾನಿಯನ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಹದಿನೈದು ದಿನದಿಂದ ಕಾಡುತ್ತಿದೆ. ಬ್ರಿಟನ್ನಿನ ‘ಡಾಕ್ಟರ್ ಹೂ’ ಸರಣಿಗೆ ಸೇರಿದ ಒಂದು ಧ್ವನಿನಾಟಕವನ್ನು ಕನ್ನಡದಲ್ಲಿ ಪರಿಚಯಿಸಲು ಕುಳಿತಿದ್ದೇನೆ. ಬಿಗ್ ಫಿನಿಷ್ ಸಂಸ್ಥೆ 2001ರ ಜನವರಿಯಲ್ಲಿ ಹೊರತಂದ ‘ಸ್ಟಾರ್ಮ್ ವಾರ್ನಿಂಗ್’ ಅದು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರ್ ಪಾತ್ರಕ್ಕೆ ಪಾಲ್ ಮೆಕ್‌ಗ್ಯಾನ್ ದನಿಯಾಗಿದ್ದಾರೆ. ಅವರ ಜೊತೆ ಮೊದಲ ಸಲ ಹೊರಡುವ ಚಾರ್ಲಿ ಪೊಲಾರ್ಡ್ ಎಂಬ ಹುಡುಗಿಗೆ ಇಂಡಿಯಾ ಫಿಶರ್. ಡಾಕ್ಟರ್ ಜೊತೆ ಹೀಗೆ ಹೊರಡುವವರಿಗೆಲ್ಲ ಇಂಗ್ಲಿಷಿನಲ್ಲಿ ‘ಕಂಪ್ಯಾನಿಯನ್’ ಎಂಬ ಮಾತು ನಿಂತುಬಿಟ್ಟಿದೆ. ನನಗೆ ಕನ್ನಡದ ಮಾತು ಬೇಕು.

ಮೊದಲು ಕೈಗೆ ಬಂದದ್ದು ‘ಸಂಗಾತಿ’. ಆದರೆ ಬಾಳಸಂಗಾತಿಯ ನೆರಳು ಈಗ ಅದರ ಮೇಲೆ ಎಷ್ಟು ಬಿದ್ದಿದೆಯೆಂದರೆ, ‘ಡಾಕ್ಟರ್ ಅವರ ಹೊಸ ಸಂಗಾತಿ’ ಎಂದು ಬರೆದರೆ ಮದುವೆಯ ಸುದ್ದಿಯಂತೆ ಕೇಳುತ್ತದೆ. ‘ಸಹಚರ’ ಹಳೆಯ, ಒಳ್ಳೆಯ ಪದ. ಪತ್ರಿಕೆಗಳ ಅಪರಾಧ ಸುದ್ದಿಗಳು ಅದನ್ನು ಕೆಡಿಸಿಬಿಟ್ಟಿವೆ. ‘ರೌಡಿ ಮತ್ತು ಆತನ ಸಹಚರರು’ ಎಂದು ಓದಿ ಓದಿ, ಸಹಚರ ಅಂದರೆ ಕೈಯಲ್ಲಿ ಮಚ್ಚು ಹಿಡಿದವನೇ ಕಣ್ಣಿಗೆ ಬರುತ್ತಾನೆ. ‘ಸಹಪ್ರಯಾಣಿಕ’ ಬಸ್ಸಿನ ಪಕ್ಕದ ಸೀಟಿನವನು, ಅವನಿಗೂ ನಮಗೂ ಏನೂ ಸಂಬಂಧವಿಲ್ಲ.

‘ಒಡನಾಡಿ’ಯಲ್ಲಿ ನಾನು ಬಹಳ ದಿನ ನಿಂತೆ. ಗಂಡು ಹೆಣ್ಣು ಇಬ್ಬರಿಗೂ ಸಲ್ಲುತ್ತದೆ, ಕಿವಿಗೂ ಹಿತ. ತೊಡಕು ಏನೆಂದರೆ ಅದು ಬಳಕೆಯಿಂದ ಗಳಿಸಿಕೊಳ್ಳುವ ಹೆಸರು. ಬಾಲ್ಯದ ಒಡನಾಡಿ, ಮೂವತ್ತು ವರ್ಷದ ಒಡನಾಡಿ ಅನ್ನುತ್ತೇವೆ. ನಿನ್ನೆ ಸಿಕ್ಕವರನ್ನು ಯಾರೂ ಒಡನಾಡಿ ಅನ್ನುವುದಿಲ್ಲ. ಈ ನಾಟಕವೋ ಮೊದಲ ಪಯಣದ್ದು. ಚಾರ್ಲಿ ಇನ್ನೂ ಒಡನಾಡಿ ಆಗಿಲ್ಲ, ಆಗುವವಳಿದ್ದಾಳೆ.

ಕಥೆಯ ಹಿನ್ನೆಲೆ ಹೇಳಿದರೆ ಯಾಕಿಷ್ಟು ಹಟ ಎಂದು ತಿಳಿದೀತು. 1930ರ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಿಂದ ಆರ್101 ಎಂಬ ಭಾರಿ ವಾಯುನೌಕೆ ಹೊರಟಿತು. ಹೊಟ್ಟೆಯ ತುಂಬ ಹೈಡ್ರೋಜನ್. ಈಜಿಪ್ಟಿನ ಇಸ್ಮಾಯಿಲಿಯಾದಲ್ಲಿ ತಂಗಿ, ಆಗಿನ ಹಿಂದೂಸ್ತಾನದ ಕರಾಚಿಗೆ ಬರಬೇಕಿತ್ತು. ಅದಕ್ಕಾಗಿ ಕರಾಚಿಯಲ್ಲಿ ದೊಡ್ಡ ಕೊಟ್ಟಿಗೆಯನ್ನೂ ಕಟ್ಟಿದ್ದರು. ಮಳೆಗಾಳಿಯಲ್ಲಿ ಸಿಕ್ಕು ಮರುದಿನ ನಸುಕಿಗೆ ಫ್ರಾನ್ಸಿನ ಬೊವೆ ಬಳಿ ನೆಲಕ್ಕೆ ಬಿದ್ದು ಉರಿದುಹೋಯಿತು. ಇದ್ದವರು 54 ಮಂದಿ, ಸತ್ತವರು 48. ವಾಯುಯಾನ ಮಂತ್ರಿ ಲಾರ್ಡ್ ಥಾಮ್ಸನ್ ಕೂಡ ಹೋದರು. ಇದು ನಡೆದ ಚರಿತ್ರೆ. ನಾಟಕ ಈ ಚರಿತ್ರೆಯೊಳಗೆ ಒಬ್ಬ ಹುಡುಗಿಯನ್ನು ಹತ್ತಿಸುತ್ತದೆ. ಹುಡುಗನ ವೇಷದಲ್ಲಿ, ಸಿಬ್ಬಂದಿಯವನಂತೆ ಕದ್ದು ಹತ್ತಿದವಳು ಚಾರ್ಲಿ. ಅವಳೂ ಅಲ್ಲೇ ಸಾಯಬೇಕಿತ್ತು. ಡಾಕ್ಟರ್ ಅವಳನ್ನು ಉಳಿಸಿ ಕರೆದೊಯ್ಯುತ್ತಾರೆ, ಕಾಲಕ್ಕೆ ಗಂಟು ಬೀಳುತ್ತದೆ, ಮುಂದಿನ ಎಷ್ಟೋ ನಾಟಕಗಳು ಆ ಗಂಟಿನ ಸುತ್ತಲೇ.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಮ್ಮ ‘ಕಾಲ’ ಎಂಬ ಪದ. ‘ಅವರು ಕಾಲವಾದರು’ ಅಂದರೆ ತೀರಿಕೊಂಡರು. ಚಂದ್ರಯಾನ, ಗಗನಯಾನಗಳ ಸಾಲಿನಲ್ಲಿ ‘ಕಾಲಯಾನ’ ಸಹಜವಾಗಿ ಕೂರುತ್ತದೆ ಎಂದೇ ಅದನ್ನು ಆರಿಸಿದ್ದೆ. ಆದರೆ ಕಾಲವಾಗಬೇಕಿದ್ದವಳು ಕಾಲಯಾನಿಯಾದಳು ಎಂದು ಬರೆದಾಗ ಒಂದೇ ಪದ ಎರಡೂ ಕಡೆ ದುಡಿಯಿತು. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಬರುವುದಿಲ್ಲ. ಹಾಗಾಗಿ ‘ಕಾಲಪ್ರಯಾಣ’ಕ್ಕಿಂತ ‘ಕಾಲಯಾನ’ವೇ ಇರಲಿ ಅಂತ ನನ್ನ ಮನಸ್ಸು.

ಇನ್ನೊಂದು ಪದ: ಚಾರ್ಲಿ ತನ್ನನ್ನು ‘ಅಡ್ವೆಂಚರೆಸ್’ ಎಂದು ಕರೆದುಕೊಳ್ಳುತ್ತಾಳೆ. ಇಂಗ್ಲಿಷಿನಲ್ಲಿ ಆ ಪದಕ್ಕೆ ಕೆಟ್ಟ ಹೆಸರಿತ್ತು, ದುಡ್ಡಿಗೋ ಅಂತಸ್ತಿಗೋ ಬಲೆ ಬೀಸುವ ಹೆಂಗಸು ಎಂದು. ನಮ್ಮ ‘ಸಾಹಸ’ವೂ ಅಂಥದೇ ದಾರಿ ತುಳಿದು ಬಂದಿದೆ. ಮನುಸ್ಮೃತಿಯಲ್ಲಿ ಸಾಹಸ ಅಂದರೆ ಎದುರಿಗೇ ಬಲ ತೋರಿಸಿ ಮಾಡುವ ಅಪರಾಧ. ಇವತ್ತು ಅದು ಅಚ್ಚ ಮೆಚ್ಚುಗೆಯ ಮಾತು. ಹಾಗಾಗಿ ‘ಸಾಹಸಿ’ ಸಾಕು, ‘ಸಾಹಸಗಾತಿ’ ಎಂದು ಎಳೆಯುವುದು ಬೇಡ.

ಮತ್ತೆ ‘ಕಂಪ್ಯಾನಿಯನ್’ಗೆ ಬರುತ್ತೇನೆ. ನಮ್ಮ ಕಥೆಗಳಲ್ಲಿ ಜೊತೆಗೆ ಹೊರಟವರಿಗೆ ಬಹುಮಟ್ಟಿಗೆ ನೆಂಟಸ್ತಿಕೆಯ ಹೆಸರೇ ಇರುತ್ತದೆ. ಕಾಡಿಗೆ ಹೊರಟ ಸೀತೆ ಹೆಂಡತಿ, ಲಕ್ಷ್ಮಣ ತಮ್ಮ. ಕಾಲಯಾನಕ್ಕೇ ಹತ್ತಿರದ ಉದಾಹರಣೆ ಭಾಗವತದ ರೇವತಿ. ತಂದೆ ಕಕುದ್ಮಿಯ ಜೊತೆ ಬ್ರಹ್ಮಲೋಕಕ್ಕೆ ಹೋಗಿ ಬರುವಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗ ಕಳೆದಿರುತ್ತದೆ. ಅವಳೂ ‘ಮಗಳು’. ಚಾರ್ಲಿ ಡಾಕ್ಟರಿಗೆ ಮಗಳಲ್ಲ, ಹೆಂಡತಿಯಲ್ಲ, ಶಿಷ್ಯೆಯೂ ಅಲ್ಲ.

ಇದನ್ನೇ ಯೋಚಿಸುತ್ತಿದ್ದಾಗ ನಮ್ಮಜ್ಜಿಯ ಮಾತು ನೆನಪಾಯಿತು. ಸಂತೆಯಿಂದ ಬರುವಾಗ ಗುರುತಿಲ್ಲದ ಹೆಂಗಸೊಬ್ಬಳು ಸಿಕ್ಕಿ ಇಬ್ಬರೂ ಮಾತಾಡಿಕೊಂಡು ನಡೆದು ಬಂದರೆ, ಅಜ್ಜಿ ‘ದಾರಿಗೊಂದು ಜೊತೆ ಆಯ್ತು’ ಅನ್ನೋರು. ನೆಂಟಸ್ತಿಕೆಯಿಲ್ಲ, ಹಳೆಯ ಗೆಳೆತನವಿಲ್ಲ, ಆದರೂ ಧೈರ್ಯಕ್ಕೆ ಒಬ್ಬರು. ನನಗೆ ಬೇಕಾದ ಅರ್ಥ ಅದೇ. ಧ್ವನಿನಾಟಕದಲ್ಲಿ ಚಾರ್ಲಿ ಕೇಳುಗರಿಗೂ ಜೊತೆ ತಾನೇ? ‘ಇದೇನಿದು?’ ಎಂದು ಅವಳು ಕೇಳಿದಾಗಲೇ ಕತ್ತಲಲ್ಲಿ ಕುಳಿತ ನಮಗೆ ಎದುರಿಗಿರುವುದು ಕಾಣುವುದು. ಅದಕ್ಕೇ ‘ದಾರಿಜೊತೆ’ ಎಂದು ಬರೆದಿಟ್ಟಿದ್ದೇನೆ. ‘ಚಾರ್ಲಿ ಡಾಕ್ಟರ್ ಅವರ ಹೊಸ ದಾರಿಜೊತೆ.’ ‘ಜೊತೆಗಾತಿ’ಯೂ ಇದೆ, ಆದರೆ ಮುಂದೆ ಗಂಡಸರು ಬಂದಾಗ ಪದ ಬದಲಿಸಬೇಕು.

ಒಂದು ಸಣ್ಣ ಪ್ರಶ್ನೆಯೂ ಉಳಿದಿದೆ. ಕೆಲವು ಸಂಭಾಷಣೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಡಾಕ್ಟರಿಗೆ ನೂರಾರು ವರ್ಷ, ಅವಳಿಗೆ ಹದಿನೆಂಟು. ಅವಳ ಬಾಯಲ್ಲಿ ‘ಡಾಕ್ಟ್ರೇ, ನೀವು’ ಎಂದು ಹಾಕಿದ್ದೇನೆ, ಅವರು ‘ನೀನು’ ಅನ್ನುತ್ತಾರೆ. ಮೊದಲ ದೃಶ್ಯದಲ್ಲಿ ಅವರೂ ‘ನೀವು’ ಅಂದು, ಅಪಾಯ ಕಳೆದ ಮೇಲೆ ‘ನೀನು’ಗೆ ಇಳಿದರೆ ಹತ್ತಿರವಾದದ್ದು ಕಿವಿಗೇ ತಿಳಿಯುತ್ತದಲ್ಲವೇ?

ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ: ‘ನನ್ನ ಜೋಡಿ ಬಾ’ ಅನ್ನುವಲ್ಲಿನ ಜೋಡಿಯಿಂದ ವ್ಯಕ್ತಿವಾಚಕ ಪದ ಬಳಕೆಯಲ್ಲಿದೆಯೇ? ನಮ್ಮ ಕಡೆ ಜೋಡಿ ಅಂದರೆ ಗಂಡಹೆಂಡಿರೇ. ಕರಾವಳಿ, ಮಲೆನಾಡಿನಲ್ಲಿ ದಾರಿಯಲ್ಲಿ ಸಿಕ್ಕು ಜೊತೆಯಾದವರಿಗೆ ಬೇರೆ ಮಾತಿದೆಯೇ? ‘ದಾರಿಜೊತೆ’ ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಅದನ್ನೂ ಬರೆಯಿರಿ.